ಬೀಗದ ಬದಲು ಮಾವ

ಸೆಪ್ಟೆಂಬರ್ 4, ಗುರುವಾರ

ನನ್ನ ಮಾತು ಕೇಳುವ ಕಿವಿಗಳು ಈ ಮನೆಯಲ್ಲಿ ಮುಗಿದುಹೋಗಿವೆ. ನಾನು ಬಾಯಿ ತೆರೆದರೆ ಹೆಂಡತಿಗೆ ಹಸುವಿನ ಹುಲ್ಲು ನೆನಪಾಗುತ್ತದೆ. ಕೊಟ್ಟಿಗೆಗೆ ಹೋಗಿ ಹೇಳಿದರೆ ಹಸುವೂ ಗೋಡೆ ಕಡೆ ತಿರುಗಿಕೊಳ್ಳುತ್ತದೆ. ಇವತ್ತಿನಿಂದ ಕಾಗದಕ್ಕೆ ಹೇಳುವುದೆಂದು ತೀರ್ಮಾನಿಸಿದ್ದೇನೆ. ಮಿಷನ್ ಶಾಲೆಯಲ್ಲಿ ನನ್ನ ಅಕ್ಷರ ನೋಡಿ ಮೇಷ್ಟ್ರು ಎದ್ದು ನಿಂತಿದ್ದರು. (ಹೊಡೆಯಲು ಎದ್ದರು ಎನ್ನುವವರು ಹೊಟ್ಟೆಕಿಚ್ಚಿನವರು.)

ಇವತ್ತು ನನ್ನನ್ನು ಮಾರ್ವೆ ತೊರೆಯ ಕಾವಲುಗಾರನನ್ನಾಗಿ ಆರಿಸಿದರು.

ನಡೆದದ್ದು ಹೀಗೆ. ನನ್ನ ತಂಗಿಯ ಮಗಳು ಐಕಾಂಡೆ ಪಟ್ಟಣದ ನೀರಿನ ಕಚೇರಿಯಲ್ಲಿದ್ದಾಳೆ. ಬೆಳಿಗ್ಗೆ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದು, ನಮ್ಮ ಒಡ್ಡಿನ ಕೆಳಗಿರುವ ಮಡುವಿನ ಬಂಡೆಯ ಮೇಲೆ ಒಂದು ಗೆರೆ ಎಳೆದಳು. ಕಾಲುವೆಯ ಪಾಲುದಾರರೆಲ್ಲ ದಡದಲ್ಲಿ ನಿಂತಿದ್ದೆವು.

“ನೀರು ಈ ಗೆರೆಗಿಂತ ಕೆಳಗೆ ಇಳೀಬಾರದು. ಇಳಿದ್ರೆ ಕಾಲುವೆ ಬಾಯಿಗೆ ಹಲಗೆ ಹಾಕಿ, ನೀರನ್ನ ಒಡ್ಡಿನ ಮೇಲಿಂದ ತೊರೆಗೆ ಬಿಡಬೇಕು” ಎಂದಳು.

“ಯಾರಿಗೆ ಬಿಡೋದು ತಾಯಿ?” ಎಂದ ಕಲೇಬು. ಅವನು ಕಾಲುವೆಯ ಯಜಮಾನ, ನನ್ನ ಹೆಂಡತಿಯ ಅಣ್ಣ. “ಕೆಳಗೆ ಯಾರ ತೋಟಾನೂ ಇಲ್ಲ. ಕಮರಿ, ಕಲ್ಲು, ಕಾಡು.”

“ಯಾರಿಗೂ ಅಲ್ಲ. ತೊರೆಗೇ.”

“ತೊರೆಗೆ ನೀರು ಬಿಡಬೇಕಂತೆ! ನಾಳೆ ಹಸೂಗೆ ಹಾಲು ಬಿಡಿ ಅಂತೀಯ.”

ಎಲ್ಲರೂ ನಕ್ಕರು. ಹುಡುಗಿ ಕುಂಚ ಒರೆಸುತ್ತ, “ಬಿಡ್ತೀರಲ್ಲ, ಕರೂಗೆ?” ಎಂದಳು. ನಗು ನಿಂತಿತು. ನನ್ನ ತಂಗಿಯ ಮಗಳು, ಸುಮ್ಮನೆ ಅಲ್ಲ.

ಬೇರೆ ತೊರೆಗಳಲ್ಲಿ ಕಬ್ಬಿಣದ ಬಾಗಿಲು ಹಾಕಿ ಬೀಗ ಜಡಿದು, ಕೀಲಿಯನ್ನು ಪಟ್ಟಣಕ್ಕೆ ಒಯ್ಯುತ್ತಿದ್ದಾರಂತೆ. “ಮಾರ್ವೆಗೆ ಬೀಗ ಬೇಡ, ಅಲ್ಲಿ ನಮ್ಮ ಮಾವ ಇದ್ದಾರೆ ಅಂತ ಮೇಲಿನವರ ಹತ್ರ ಹೇಳಿ ಬಂದಿದೀನಿ” ಎಂದಳು. ಕಲೇಬು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಸರಿಯಾಗಿದೆ. ನೀರು ಕದಿಯೋ ದಾರಿ ಅಷ್ಟೂ ಬಲ್ಲವನು ಇವನೊಬ್ಬನೇ” ಎಂದ. ಇಷ್ಟು ಜನರ ಎದುರು ನನ್ನ ಜಾಣತನವನ್ನು ಅವನು ಹೊಗಳಿದ್ದು ಇದೇ ಮೊದಲು.

ಆ ಒಡ್ಡನ್ನು ಕಟ್ಟಿದವನೂ ನಾನೇ. ನನ್ನ ಅಪ್ಪ ಲೆಕುಲೆಯ ಕಾಲದಲ್ಲಿ ಅಲ್ಲಿ ಕಲ್ಲು, ಬಾಳೆದಿಂಡು, ಹುಲ್ಲು ತುರುಕಿದ ಒಡ್ಡಿತ್ತು. ಯಾವಾಗಲೂ ಸೋರುತ್ತಿತ್ತು. ಊರವರು ಅಪ್ಪನಿಗೆ ‘ಸೋರುವ ಲೆಕುಲೆ’ ಎಂದು ಹೆಸರಿಟ್ಟಿದ್ದರು. ಶಾಲೆಯಲ್ಲಿ ನಾನು ‘ಸೋರುವವನ ಮಗ’. ಎರಡು ವರ್ಷದ ಹಿಂದೆ ಅಪ್ಪನ ಒಡ್ಡು ಕಿತ್ತು ಸಿಮೆಂಟಿನ ಗೋಡೆ ಎಬ್ಬಿಸಿದೆ. ಇರುವೆಯ ಕಣ್ಣೀರೂ ಅದರಿಂದಾಚೆ ಹೋಗುವುದಿಲ್ಲ. ಅಂದಿನಿಂದ ಆ ಹೆಸರನ್ನು ಯಾರೂ ಎತ್ತಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ನಮ್ಮ ಬೆಟ್ಟದ ತುದಿ, ಕಿಬೋ ಶಿಖರ, ದಿನವಿಡೀ ಬರಿದಲೆಯಲ್ಲಿ ನಿಂತಿದೆ. ಮೋಡದ ಚೂರೂ ಇಲ್ಲ, ನಮ್ಮ ಬೇಸಿಗೆ ಮುಗಿಯುವುದು ನವೆಂಬರಿಗೇ. ನೋಡುವವರಿಗೆ ಚೆಂದ, ತೊರೆಗೆ ಕೆಟ್ಟ ಸುದ್ದಿ.

ಗೆರೆಗೆ ನೀರು ತಾಗುತ್ತಿದೆ. ಇನ್ನು ಸ್ವಲ್ಪ ಇಳಿದರೆ ಹಲಗೆ ಹಾಕಬೇಕು. ಹಲಗೆ ಹಾಕಿದರೆ ಕಾಲುವೆ ಸೊರಗುತ್ತದೆ, ಕಾಲುವೆ ಸೊರಗಿದರೆ ನನ್ನ ರಾಗಿ.

ರಾಗಿಯ ವಿಷಯ ಸಣ್ಣದಲ್ಲ. ಕ್ರಿಸ್‌ಮಸ್‌ಗೆ ನಮ್ಮ ಕುಲದವರು ದೇಶದ ಎಲ್ಲ ಮೂಲೆಗಳಿಂದ ಬೆಟ್ಟಕ್ಕೆ ಮರಳುತ್ತಾರೆ. ಈ ಸಲ ಅಷ್ಟೂ ಜನಕ್ಕೆ ಹೆಂಡ ನನ್ನದೇ ಎಂದು ಕಳೆದ ಡಿಸೆಂಬರಿನಲ್ಲೇ ಎದೆ ತಟ್ಟಿದ್ದೇನೆ. ಬಾಳೆಹಣ್ಣು ಯಾರ ತೋಟದಲ್ಲಿಲ್ಲ? ಹೆಂಡಕ್ಕೆ ಜೀವ ಬರುವುದು ಮೊಳಕೆ ಕಟ್ಟಿದ ರಾಗಿಯಿಂದ. ಬೇಸಿಗೆಯಲ್ಲಿ ಕಾಲುವೆ ನೀರು ಕುಡಿದು ಬೆಳೆದ ರಾಗಿಯಾದರೆ ಆ ಹೆಂಡದ ಮಾತೇ ಬೇರೆ.

ಸಂಜೆ ಮಡುವಿನ ದಂಡೆಯಲ್ಲಿ ಕೂತು ಗೆರೆಯನ್ನೇ ನೋಡಿದೆ. ಗೆರೆ ನೋಡುವುದು ನೀರಿನ ಎತ್ತರವನ್ನು ಮಾತ್ರ. ಹೌದಲ್ಲವೇ?

ಸೆಪ್ಟೆಂಬರ್ 13, ಶನಿವಾರ

ನನ್ನಂಥವನನ್ನು ಈ ಬೆಟ್ಟ ಮತ್ತೆ ಹೆರುವುದಿಲ್ಲ.

ಮಡುವಿನಿಂದ ನೀರು ಕೆಳಗೆ ಇಳಿಯುವ ಕಡೆ ಎರಡು ಬಂಡೆಗಳ ನಡುವೆ ಸಂದಿ ಇದೆ. ಆ ಸಂದಿಗೆ ಕಲ್ಲು ಜೋಡಿಸಿ, ಜೇಡಿಮಣ್ಣು ಮೆತ್ತಿ, ಬಾಳೆ ನಾರು ತುರುಕಿ, ಮೇಲೊಂದಿಷ್ಟು ಜರೀಗಿಡ ಇಟ್ಟುಬಿಟ್ಟೆ. ಒಡ್ಡಿನ ಮೇಲಿಂದ ಬಿದ್ದ ಅಷ್ಟಿಷ್ಟು ನೀರು ಆಚೆ ಹೋಗಲಾರದೆ ಮಡುವಿನಲ್ಲೇ ಏರಿತು. ಗೆರೆ ಮುಳುಗಿತು. ಮೇಲೆ ಕಾಲುವೆ ತುಂಬಿ ಹರಿಯುತ್ತಿದೆ. ನಾನು ಹಲಗೆ ಮುಟ್ಟಲೇ ಇಲ್ಲ.

ಐಕಾಂಡೆ ಫೋನ್ ಮಾಡಿದಳು.

“ಮಾವ, ಗೆರೆ?”

“ಮುಳುಗಿದೆ ಕಂದಾ. ಗೆರೆ ಕಾಣಬೇಕಂದ್ರೆ ನೀರಲ್ಲಿ ತಲೆ ಹಾಕಬೇಕು.”

“ಈ ಬಿಸಿಲಲ್ಲೂ? ಬೇರೆ ತೊರೆ ಎಲ್ಲ ಬತ್ತಿ ಬಾಯ್ಬಿಡ್ತಿವೆ.”

“ಅಲ್ಲೆಲ್ಲ ಬೀಗ ಹಾಕಿದೀರಿ. ಇಲ್ಲಿ ನಾನಿದೀನಿ.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದೇ ನನ್ನ ಹೆಚ್ಚುಗಾರಿಕೆ.

ಸೆಪ್ಟೆಂಬರ್ 22, ಸೋಮವಾರ

ಬೆಳಿಗ್ಗೆ ಬೂಟಿಗೆ ಕಾಲು ಹಾಕಿದರೆ ಒಳಗೊಂದು ಏಡಿ. ಮಡು ಇಲ್ಲಿಂದ ಒಂದು ಕೂಗಿನಷ್ಟು ದೂರ; ಬಾಳೆತೋಟ ದಾಟಿ ಬಂದಿದೆ. ನನ್ನ ಕೂಗಿಗೆ ಹೆಂಡತಿ ಸೌಟು ಹಿಡಿದೇ ಓಡಿ ಬಂದಳು.

“ನಿಮ್ಮ ಕಚೇರಿಯವರು ಬಂದಿದಾರೆ, ಕೂರಿಸಿ ಮಾತಾಡಿಸಿ” ಎಂದು ಒಳಗೆ ಹೋದಳು.

ಏಡಿಯನ್ನು ಬಾಳೆಯ ಬುಡಕ್ಕೆ ಎಸೆದೆ. ಮಧ್ಯಾಹ್ನ ದಾರಿಯಲ್ಲಿ ಇನ್ನೂ ಕೆಲವು ಕಂಡವು. ಎಲ್ಲವೂ ಮೇಲ್ಮುಖವಾಗಿ, ಒಣಮಣ್ಣಿನಲ್ಲಿ, ಕೊಂಡಿ ಎತ್ತಿಕೊಂಡು. ಸಂತೆಯಿಂದ ಬರುವ ಹೆಂಗಸರು ಉಟ್ಟ ಬಟ್ಟೆ ಎತ್ತಿ ಹಿಡಿದು ದಾಟುತ್ತಿದ್ದರು. ಏಡಿಗೆ ಬುದ್ಧಿ ಕಡಿಮೆ. ತುಂಬಿದ ಮಡು ಬಿಟ್ಟು ಯಾರಾದರೂ ಎದ್ದು ಬರುತ್ತಾರೆಯೇ?

ಸೆಪ್ಟೆಂಬರ್ 27, ಶನಿವಾರ

ಐಕಾಂಡೆ ಹೇಳದೆ ಕೇಳದೆ ಬಂದಳು. ನಾನು ಹಿಂದೆಯೇ ಓಡಿದೆ. ಮಡುವಿನ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ನೀರು ಪಾಚಿ ಬಣ್ಣಕ್ಕೆ ತಿರುಗಿತ್ತು. ವಾಸನೆ ನನ್ನ ಮೂಗಿಗೂ ಬಡಿಯಿತು, ಇಷ್ಟು ದಿನ ಬಡಿದಿರಲಿಲ್ಲ.

“ಹೌದು ಮಾವ. ಗೆರೆ ಮುಳುಗೇ ಇದೆ.”

“ಇರದೆ? ಕಾವಲು ಯಾರದು?”

ಅವಳು ಒಂದು ಎಲೆ ಕಿತ್ತು ನೀರಿನ ಮೇಲಿಟ್ಟಳು. ಎಲೆ ಇಟ್ಟಲ್ಲೇ ಇತ್ತು. ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು.

“ಎಲೆ ಹೋಗ್ತಾನೇ ಇಲ್ವಲ್ಲ.”

“ಸೋಮಾರಿ ಎಲೆ.”

“ಹೂಂ” ಎಂದಳು. ಆಮೇಲೆ ಅವಳ ಕಣ್ಣು ನಾನು ಇಟ್ಟ ಜರೀಗಿಡಗಳ ಕಡೆ ಹೋಯಿತು. ಒಣಗಿ ಕಂದಾಗಿದ್ದವು. ನಾನು ಥಟ್ಟನೆ ಚಿರತೆ ಓಡಿಸಿದ ಕತೆ ಶುರು ಮಾಡಿದೆ. ಅವಳು ಕೊನೆಯವರೆಗೂ ಕೇಳಿದಳು. ಆ ಕತೆಯನ್ನು ಇದುವರೆಗೆ ಯಾರೂ ಕೊನೆಯವರೆಗೆ ಕೇಳಿದ್ದಿಲ್ಲ. ಕೊನೆ ಏನೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

“ಗೆರೆ ಎಳೆದಿದ್ದು ನಾನು, ತಪ್ಪೂ ನಂದೇ ಇರಬೇಕು” ಎಂದಳು. “ಕಚೇರಿಗೆ ಏನಂತ ಹೇಳ್ಲಿ ಮಾವ? ನೀನು ಹೇಳಿದ್ದನ್ನೇ ಹೇಳ್ತೀನಿ.”

“ಗೆರೆ ಮುಳುಗಿದೆ ಅಂತ ಹೇಳು.”

“ಸರಿ.”

ಮನೆಗೆ ಬರಲಿಲ್ಲ. ಅವಳತ್ತೆ ಬಾಳೆಕಾಯಿ ಮಾಂಸದ ಸಾರು ಇಟ್ಟಿದ್ದಳು. ವ್ಯಾನಿಗೆ ಹೊತ್ತಾಯಿತು ಎಂದು ಹೊರಟುಹೋದಳು. ವ್ಯಾನು ಇಡೀ ದಿನ ಓಡಾಡುತ್ತಿರುತ್ತದೆ.

ಸೆಪ್ಟೆಂಬರ್ 29, ಸೋಮವಾರ

ವಾಸನೆ ಹೆಚ್ಚಾಯಿತೆಂದು ಒಂದು ಕಲ್ಲು ತೆಗೆಯಲು ಹೋದೆ. ಒಂದೇ ಒಂದು ಕಲ್ಲು. ಮೀನುಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದವು, ಬೆರಳುದ್ದದವು, ಸಾಲಾಗಿ. ಕೈ ಹಾಕಿದರೂ ಓಡಲಿಲ್ಲ. ಓಡದ ಮೀನು ಹಿಡಿಯುವುದರಲ್ಲಿ ಏನು ಮಜಾ?

ಹೇಗೂ ಬಂದಿದ್ದೇನೆಂದು ಸಂದಿ ದಾಟಿ ಕಮರಿಗೆ ಇಳಿದೆ. ಅಪ್ಪನ ಜೊತೆ ಇಳಿದದ್ದು ಬಿಟ್ಟರೆ ಮತ್ತೆ ಹೋಗಿರಲಿಲ್ಲ. ಅಲ್ಲಿ ಪಕ್ಕದವನ ಮಾತು ಕೇಳಿಸದಷ್ಟು ಸದ್ದಿರುತ್ತಿತ್ತು. ಅಪ್ಪ ಕೈಸನ್ನೆಯಲ್ಲೇ ಮಾತಾಡುತ್ತಿದ್ದ. ಇವತ್ತು ನನ್ನ ಚಪ್ಪಲಿಯ ಸದ್ದು ಕೇಳಿಸಿತು. ಕಲ್ಲುಗಳು ಬಿಳಿಚಿಕೊಂಡಿವೆ. ಛತ್ರಿಯಂಥ ದೊಡ್ಡ ಜರೀಮರಗಳು ಎಲೆ ಇಳಿಬಿಟ್ಟು, ಅಂಚು ಸುಟ್ಟುಕೊಂಡು ನಿಂತಿವೆ. ಒಂದು ಕುಳಿಯಲ್ಲಿ ಅಂಗೈ ಅಗಲದ ಕೆಸರು. ಆ ಕೆಸರಿನೊಳಗೆ ಏನೋ ಅಲುಗಾಡುತ್ತಿತ್ತು. ಏನೆಂದು ನೋಡಲಿಲ್ಲ.

ವಾಪಸು ಬಂದು ಸಂದಿಯ ಕಲ್ಲು ಅಷ್ಟನ್ನೂ ಕಿತ್ತೆ. ವಾಸನೆ ಕಾಲುವೆಗೆ ಹತ್ತಿದರೆ ಕಷ್ಟ. ಮಡು ಕೆಳಗಿದೆ, ಕಾಲುವೆ ಮೇಲಿದೆ, ನೀರು ಮೇಲಕ್ಕೆ ಹರಿಯುವುದಿಲ್ಲ, ಅದೆಲ್ಲ ನನಗೂ ಗೊತ್ತು. ಆದರೂ ಎಚ್ಚರ ಒಳ್ಳೆಯದು.

ಅಕ್ಟೋಬರ್ 3, ಶುಕ್ರವಾರ

ಗೆರೆ ಹೊರಗೆ ಕಾಣಿಸಿತು. ನೀರು ಅದರಿಂದ ಒಂದು ಗೇಣು ಕೆಳಗೆ. ಹಲಗೆ ಹಾಕಿದೆ.

ಹಾಕಿ ಮನೆ ಮುಟ್ಟುವಷ್ಟರಲ್ಲಿ ಕಲೇಬು ಬಾಗಿಲಲ್ಲಿದ್ದ. “ಹಲಗೆ ಯಾಕೆ ಬಿತ್ತು?”

“ಗೆರೆ ಕಾಣಿಸ್ತು.”

“ನಿನ್ನೆವರೆಗೂ ಮುಳುಗಿತ್ತಲ್ಲ?”

“ನಿನ್ನೆವರೆಗೂ ಮುಳುಗಿತ್ತು.”

“ಅಮಿನಿಯೆಲಿ, ನನ್ನ ಹತ್ರ ಆಟ ಬೇಡ. ಕಾಲುವೆ ತುದಿ ಮನೆಯವರ ಸೊಪ್ಪು ಬಾಡ್ತಿದೆ. ನಿನ್ನ ರಾಗಿ ತೆನೆ ಕಟ್ತಿದೆ. ನಿಂಗೇನಾಗಿದೆ?”

ನನಗೇನೂ ಆಗಿಲ್ಲ ಎಂದೆ. ಆರಿಸಿದ್ದು ನೀವೇ ಎಂದೆ. ಅವನು ಹೋದ ಮೇಲೆ ಹೆಂಡತಿ, “ಅಣ್ಣ ಹೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ ನೀವು” ಎಂದಳು. ಕೊಟ್ಟೆನಲ್ಲ.

ಅಕ್ಟೋಬರ್ 6, ಸೋಮವಾರ

ಹಲ್ಲು ನೋವು. ಹಲಗೆಯನ್ನು ಯಾರೋ ಎತ್ತಿದ್ದರು. ಮತ್ತೆ ಹಾಕಿದೆ.

ಅಕ್ಟೋಬರ್ 9, ಗುರುವಾರ

ಮತ್ತೆ ಎತ್ತಿದ್ದಾರೆ. ಈ ಸಲ ಹಲಗೆಯೇ ಇಲ್ಲ. ಕಾಲುವೆಯುದ್ದಕ್ಕೂ ಹುಡುಕಿದರೆ ಯಾರದೋ ಮೇಕೆ ಗೂಡಿನ ಬಾಗಿಲಾಗಿತ್ತು. ಕಿತ್ತುಕೊಂಡು ಬಂದೆ. ಮೇಕೆಗಳು ಹೊರಬಿದ್ದವು. ಬೈಗುಳ ಕೇಳಿದೆ. ಒಳ್ಳೆಯ ಬೈಗುಳ, ಎರಡು ಹೊಸದಾಗಿ ಕಲಿತೆ.

ಮನೆ ಹೊಸಿಲ ಮೇಲೆ ಸತ್ತ ಏಡಿಗಳನ್ನು ಸಾಲಾಗಿ ಇಟ್ಟಿದ್ದರು. ಹೆಂಡತಿ ಪೊರಕೆ ಹಿಡಿದು ನಿಂತಿದ್ದಳು, ಗುಡಿಸಿರಲಿಲ್ಲ. “ಇವತ್ತು ಏಡಿ ಇಟ್ಟಿದಾರೆ. ನಾಳೆ ಏನಿಡ್ತಾರೆ?” ಎಂದಳು. ಅವಳ ದನಿಯಲ್ಲಿ ಗೇಲಿ ಇರಲಿಲ್ಲ. ಅದು ನನಗೆ ಹಿಡಿಸಲಿಲ್ಲ.

ಇವತ್ತು ಹಗಲೆಲ್ಲ ಹಲಗೆಯ ಮೇಲೆ ಕೂತೇ ಇದ್ದೆ. ಮೂರು ಜನ ಕತ್ತಿ ಹಿಡಿದು ಎದುರು ದಂಡೆಯಲ್ಲಿ ಬಂದು ನಿಂತರು. ಹುಲ್ಲು ಕೊಯ್ಯಲು ಬಂದವರಂತೆ. ಅಲ್ಲಿ ಹುಲ್ಲೇ ಇಲ್ಲ. ನಾನು ಚಿರತೆ ಕತೆ ಹೇಳಿದೆ. ಯಾರೂ ನಗಲಿಲ್ಲ, ಆದರೆ ಕೊನೆಗೆ ಹೋದರು. ದಿನವೂ ಕೂರಲಾಗದು. ಹಲಗೆ ಇರುವವರೆಗೆ ಎತ್ತುವ ಕೈ ಇರುತ್ತದೆ.

ಅಕ್ಟೋಬರ್ 14, ಮಂಗಳವಾರ

ಅಂಗೈಯಲ್ಲಿ ಬೊಕ್ಕೆ ಎದ್ದಿವೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ. ಸುತ್ತಿಗೆ ಹಿಡಿದು ಬಹಳ ದಿನವಾಗಿತ್ತು.

ಬೆಳಕು ಹರಿದ ಕೂಡಲೇ ಸುತ್ತಿಗೆ, ಉಳಿ ತೆಗೆದುಕೊಂಡು ಒಡ್ಡಿಗೆ ಹೋದೆ. ಗೋಡೆಯ ಬುಡದಲ್ಲಿ, ತೊರೆಯ ನಟ್ಟನಡುವೆ, ಹೊಡೆದೆ. ಕಳ್ಳ ಗೋಡೆ, ಬಗ್ಗಲಿಲ್ಲ. ಸಿಮೆಂಟಿಗೆ ಮರಳು ಎಷ್ಟು ಸೇರಿಸಬೇಕೆಂದು ಬಲ್ಲವನು ಕಟ್ಟಿದ ಗೋಡೆ. ಬಯ್ಯುತ್ತ ಹೊಡೆದೆ, ಹೊಗಳುತ್ತ ಹೊಡೆದೆ. ಬಿಸಿಲೇರುವಾಗ ಉಳಿ ಒಮ್ಮೆಲೇ ಒಳಗೆ ಹೋಯಿತು. ನೀರು ನನ್ನ ಎದೆಗೆ ಗುದ್ದಿ ನನ್ನನ್ನು ಮಡುವಿಗೆ ಕೆಡವಿತು. ಎದ್ದು ನೋಡಿದರೆ ತೋಳು ದಪ್ಪದ ಧಾರೆ. ಮಡು ತುಂಬಿ ಗೆರೆ ಮುಟ್ಟಿತು, ಸಂದಿಯಿಂದ ಇಳಿಯಿತು. ಎಲೆ ಹಾಕಿದೆ. ಹೋಯಿತು.

ಅಪ್ಪನ ಒಡ್ಡು ಸೋರುತ್ತಿದ್ದದ್ದೂ ಹೆಚ್ಚೂಕಡಿಮೆ ಇಷ್ಟೇ. ಅವನು ಬೇಕೆಂದೇ ಹಾಗೆ ಬಿಟ್ಟಿದ್ದನೋ, ಸೋಮಾರಿತನದಿಂದ ಬಿಟ್ಟಿದ್ದನೋ, ಹೇಳುವವರು ಯಾರೂ ಉಳಿದಿಲ್ಲ. ಅವನು ಸೋಮಾರಿಯೂ ಹೌದು. ಬೇಕೆಂದೇ ಬಿಟ್ಟಿದ್ದ ಎಂದು ನಾನು ಇಟ್ಟುಕೊಳ್ಳುತ್ತೇನೆ. ಮಗನಿಗೆ ಅಷ್ಟು ಹಕ್ಕಿದೆ.

ಆದರೆ ಊರವರಿಗೆ ಈ ತೂತು ಮುಚ್ಚುವುದು ಎಷ್ಟು ಹೊತ್ತಿನ ಕೆಲಸ? ಒಂದು ಬಾಳೆದಿಂಡು, ಎರಡು ಮುಷ್ಟಿ ಮಣ್ಣು. ಅದಕ್ಕೇ ಮನೆಯ ಗಡಿಯಿಂದ ಇಸಾಲೆ ಗಿಡಗಳನ್ನು ಬೇರು ಸಮೇತ ಎಬ್ಬಿಸಿ ತಂದು, ತೂತಿನ ಎರಡೂ ಬದಿಗೆ ಕಲ್ಲಿನ ಸಂದಿಯಲ್ಲಿ ಮಣ್ಣು ತುಂಬಿ ನೆಟ್ಟೆ. ನನ್ನ ಜೀವನದಲ್ಲಿ ಎಷ್ಟೋ ಗಡಿ ಸರಿಸಿದ್ದೇನೆ; ಇಸಾಲೆ ಇದ್ದ ಗಡಿಯನ್ನು ಮಾತ್ರ ಮುಟ್ಟಿಲ್ಲ. ನಾನೇ ಮುಟ್ಟದ್ದನ್ನು ಇನ್ಯಾರು ಮುಟ್ಟುತ್ತಾರೆ? ಕಳೆದ ವರ್ಷ ನನ್ನ ಮೇಕೆ ಕಲೇಬುವಿನ ಹುರುಳಿ ಮೇದಾಗ ಇದೇ ಎಲೆ ಹಿಡಿದು ಅವನ ಬಾಗಿಲಿಗೆ ಹೋಗಿದ್ದೆ. ಇಸಾಲೆ ಹಿಡಿದು ಬಂದವನಿಗೆ ಕ್ಷಮೆ ಇಲ್ಲ ಎನ್ನುವಂತಿಲ್ಲ. ಹಲ್ಲು ಕಡಿಯುತ್ತ ಕ್ಷಮಿಸಿದ. ಮರುದಿನ ಮೇಕೆ ಮತ್ತೆ ಹೋಯಿತು, ನಾನೂ ಮತ್ತೆ ಎಲೆ ಹಿಡಿದು ಹೋದೆ.

ಕಾಲುವೆ ಇಳಿದದ್ದು ಗೊತ್ತಾಗಿ ಮಧ್ಯಾಹ್ನದೊಳಗೆ ಬಂದರು. ಮುಂದೆ ಕಲೇಬು, ಹಿಂದೆ ಬಾಳೆದಿಂಡು ಹೊತ್ತವರು, ಮಣ್ಣು ಹೊತ್ತವರು, ಎಲ್ಲರನ್ನೂ ತಳ್ಳಿಕೊಂಡು ಮುಂದಕ್ಕೆ ನುಗ್ಗುತ್ತ ಕಲೇಬುವಿನ ತಮ್ಮನ ಮಗ ಅನಂಕಿರಾ, ಕೈಯಲ್ಲಿ ಕತ್ತಿ. ಇಸಾಲೆ ಕಂಡು ಎಲ್ಲರ ಕಾಲೂ ನಿಂತಿತು.

“ಯಾರು ಸತ್ತಿರೋದು ಇಲ್ಲಿ?” ಎಂದ ಕಲೇಬು. ಗೋರಿಗೂ ಇದೇ ಗಿಡವಲ್ಲವೇ.

“ಯಾರೂ ಸತ್ತಿಲ್ಲ. ಸಾಯಬಾರದು ಅಂತಲೇ ನೆಟ್ಟಿದ್ದು. ಇದು ಗಡಿ, ಭಾವ.”

“ಗಡಿ ಅಂದ್ರೆ ಎರಡು ಕಡೆ ಇಬ್ಬರಿರಬೇಕು. ಈ ಕಡೆ ನಾವು. ಆ ಕಡೆ ಯಾರು?”

“ಮಾರ್ವೆ.”

“ಅದು ಯಾವ ಕುಲ?”

“ನಿನ್ನ ಕುಲ, ನನ್ನ ಕುಲ ಈ ಬೆಟ್ಟ ಹತ್ತೋಕೆ ಮೊದಲೇ ಇಲ್ಲಿದ್ದ ಕುಲ.”

ಅವನು ಧಾರೆಯನ್ನು ನೋಡಿದ, ಗೋಡೆಯನ್ನು ನೋಡಿದ, ನನ್ನ ಕೈಯ ಸುತ್ತಿಗೆ ನೋಡಿದ. “ನೀನೇ ಒಡೆದ್ಯಾ? ನಿನ್ನ ಗೋಡೇನ? ಇರುವೆ ಕಣ್ಣೀರೂ ಹೋಗಲ್ಲ ಅಂತ ಮದುವೆ ಮನೇಲಿ, ಸಾವಿನ ಮನೇಲಿ ಎಲ್ಲಾ ಕಡೆ ಹೇಳ್ತಿದ್ದೆಯಲ್ಲೋ?”

“ಈಗ ಇರುವೆ ಸ್ವಲ್ಪ ಜೋರಾಗಿ ಅಳ್ತಾ ಇದೆ.”

ಹಿಂದೆ ಯಾರೋ ಕಿಸಕ್ಕೆಂದರು. ಅನಂಕಿರಾ ನಗಲಿಲ್ಲ. “ಈ ಮುದುಕ ಆಟ ಕಟ್ತಿದಾನೆ, ದೊಡ್ಡಪ್ಪಾ. ನನ್ನ ಸೊಪ್ಪೆಲ್ಲ ಹೋಯ್ತು. ಸೋರುವ ಲೆಕುಲೆ ಮಗ ಸೋರದೆ ಇನ್ನೇನು ಮಾಡ್ತಾನೆ!” ಎಂದು ನೀರಿಗಿಳಿದು ಒಂದು ಗಿಡದ ಬುಡಕ್ಕೆ ಕೈ ಹಾಕಿದ.

ನಾನು ತಡೆಯಲಿಲ್ಲ. ಆ ಹೆಸರು ಕೇಳಿ ಎರಡು ವರ್ಷವಾಗಿತ್ತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಹೌದಪ್ಪ, ಅವನ ಮಗನೇ” ಎಂದೆ.

“ಕೈ ತೆಗಿ” ಎಂದ ಕಲೇಬು. ದನಿ ಏರಿಸಲಿಲ್ಲ. “ಮನೇಲಿ ಹೆಂಡ್ತಿ ತುಂಬು ಬಸುರಿ. ಇಸಾಲೆ ಕಿತ್ತು ಅವಳ ಮುಂದೆ ಹೋಗಿ ನಿಲ್ತೀಯ?”

ಹುಡುಗ ಕೈ ತೆಗೆದ. ಒದ್ದೆ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದ.

ಆಮೇಲೆ ಕಲೇಬು ನನ್ನ ಕಡೆ ತಿರುಗಿದ. “ಗಡಿ ಮುಟ್ಟಲ್ಲ. ಆದ್ರೆ ಕಾಲುವೆ ಸರದಿ ಹಂಚೋನು ನಾನು. ಮಾರ್ವೆಗೆ ನೀರು ಬೇಕೋ? ನಿನ್ನ ಸರದಿ ಕೊಡು. ಇವತ್ತಿಂದ ಮಳೆ ಬರೋವರೆಗೆ ನಿನ್ನ ರಾಗಿಗೆ ಸರದಿ ಇಲ್ಲ. ಅದನ್ನ ಇವರಿಗೆ ಹಂಚ್ತೀನಿ. ಒಪ್ಪಿಗೆಯಾ?”

ಅದು ನ್ಯಾಯವೇ. ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಸೊಗಸಾಗಿ ಹೇಳುತ್ತಿದ್ದೆ. ಏನಾದರೂ ಚೌಕಾಸಿ ಮಾಡೋಣವೆಂದು ಬಾಯಿ ತೆರೆದರೆ, “ಒಪ್ಪಿಗೆ” ಎಂದು ಹೊರಬಿತ್ತು.

ಅಕ್ಟೋಬರ್ 17, ಶುಕ್ರವಾರ

ಹೆಂಡತಿ ಮಾತು ಬಿಟ್ಟಿದ್ದಳು. ಇವತ್ತು ಶುರುವಾಯಿತು.

“ಡಿಸೆಂಬರಿಗೆ ಊರೆಲ್ಲ ಬರುತ್ತೆ. ನಮ್ಮ ಸಿಫುನಿ ತನ್ನ ಅತ್ತೆ ಮನೆಯೋರ್ನೂ ಕರ್ಕೊಂಡು ಬರ್ತಾಳೆ. ಮಗಳ ಮುಂದೆ, ಬೀಗರ ಮುಂದೆ ಏನು ಸುರೀತೀರಿ? ಮಡುವಿನ ನೀರಾ?”

“ಒಳ್ಳೇ ನೀರು.”

“ನಿಮ್ಮ ಏಡಿಗಳು ಬಂದು ರಾಗಿ ಬಿತ್ತಿ ಕೊಡ್ತಾವೇನೋ ಕೇಳಿ.”

ಬಾಗಿಲ ಹತ್ತಿರ ಹೋಗಿ ನಿಂತು, ಬೆನ್ನು ಹಾಕಿಕೊಂಡೇ, “ಆ ಅನಂಕಿರಾ ಕತ್ತಿ ಹಿಡ್ಕೊಂಡಿದ್ನಂತೆ. ಹೆಚ್ಚೂಕಡಿಮೆ ಆಗಿದ್ರೆ?” ಎಂದಳು. ನಾನು ಚಿರತೆಗೇ ಹೆದರದವನು ಎಂದು ನೆನಪಿಸಿದೆ.

“ಆ ಚಿರತೆ ಯಾರದೋ ಬೆಕ್ಕು ಅಂತ ಮದುವೆಯಾದ ವಾರಕ್ಕೇ ಗೊತ್ತಿತ್ತು ನಂಗೆ” ಎಂದಳು.

ಅಕ್ಟೋಬರ್ 21, ಮಂಗಳವಾರ

ಐಕಾಂಡೆಗೆ ನಾನೇ ಫೋನ್ ಮಾಡಿದೆ. “ಗೆರೆ?” ಎಂದು ಅವಳು ಕೇಳಲಿಲ್ಲ. “ಎಲೆ ಹೋಗ್ತಾ ಇದೆ” ಎಂದೆ. “ಅತ್ತೆ ಹತ್ರ ಹೇಳು, ಈ ಶನಿವಾರ ಸಾರಿಗೆ ಬರ್ತೀನಿ” ಎಂದಳು.

ನವೆಂಬರ್ 1, ಶನಿವಾರ

ರಾಗಿ ಹೋಯಿತು. ತೆನೆ ಹಿಸುಕಿದರೆ ಹೊಟ್ಟು. ಕೊಯ್ದು ಹಸುವಿಗೆ ಹಾಕಿದೆ.

ಮೇಲೆ ಮೋಡ ಬಂದು ಬಂದು ಹೋಗುತ್ತಿದೆ, ಒಂದು ಹನಿ ಬಿಡುವುದಿಲ್ಲ. ತೂತಿನ ಧಾರೆ ಮಣಿಕಟ್ಟಿನಷ್ಟಾಗಿದೆ. ಆದರೆ ಹರಿಯುತ್ತಿದೆ. ಬೆಳಿಗ್ಗೆ ಕಮರಿಯಲ್ಲಿ ಆ ಕೆಸರಿನ ಕುಳಿಯವರೆಗೆ ಇಳಿದೆ. ಕುಳಿ ತುಂಬಿದೆ. ಬೆರಳುದ್ದದವು ನನ್ನ ನೆರಳು ಬಿದ್ದ ಕೂಡಲೇ ಓಡಿ ಕಲ್ಲಿನಡಿ ಸೇರಿದವು. ಎಷ್ಟು ಚುರುಕು! ಹಿಡಿಯಲು ನೋಡಿದೆ, ಆಗಲಿಲ್ಲ. ತಾಯಿ ಏಡಿಯೊಂದು ಹೊಟ್ಟೆಯಡಿ ಸಾಸಿವೆಯಂಥ ಮರಿಗಳನ್ನು ಅವಚಿಕೊಂಡು ಕಲ್ಲಿಂದ ಕಲ್ಲಿಗೆ ಹೋಯಿತು. ನಾನು ಅಲುಗಾಡದೆ ಕೂತಿದ್ದೆ. ಜರೀಮರದ ಸುಟ್ಟ ಎಲೆಗಳ ನಡುವೆ ಹೊಸದೊಂದು, ಪಿಟೀಲಿನ ತಲೆಯ ಹಾಗೆ ಸುತ್ತಿಕೊಂಡು ಎದ್ದಿದೆ. ಒಂದು ನೀಲಿ ಹಕ್ಕಿ ಬಂತು. ಇಂಥದ್ದೆಲ್ಲ ಬರೆಯುತ್ತ ಹೋದರೆ ಕಾಗದ ಮುಗಿಯುತ್ತದೆ.

ನವೆಂಬರ್ 4, ಮಂಗಳವಾರ

ಧಾರೆ ಎರಡು ಬೆರಳಷ್ಟು. ಇಸಾಲೆ ಬೇರು ಹಿಡಿದಿದೆ. ನಾನು ಅಲ್ಲೇ ಇದ್ದೆ.

ನವೆಂಬರ್ 5, ಬುಧವಾರ

ಅಲ್ಲೇ ಇದ್ದೆ.

ನವೆಂಬರ್ 8, ಶನಿವಾರ

ಮಳೆ.

ನವೆಂಬರ್ 20, ಗುರುವಾರ

ಕಲೇಬು ಬಂದ. ಹಿಂದೆ ಅನಂಕಿರಾ, ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಮೊಳಕೆ ಕಟ್ಟಿ ಒಣಗಿಸಿದ ರಾಗಿ. ಕಲೇಬುವಿನ ಕೈಯಲ್ಲಿ ಗಂಟು ಹಾಕಿದ ಇಸಾಲೆ ಎಲೆ.

“ಇದೇನು ಭಾವ? ನಿನ್ನ ಮೇಕೆ ನನ್ನ ಹೊಲಕ್ಕೆ ಬಂತಾ?”

“ನಿನ್ನ ಹೊಲದಲ್ಲಿ ಮೇಯೋಕೆ ಏನಿದೆ?” ಎಂದ. ಬಾಗಿಲಲ್ಲೇ ನಿಂತಿದ್ದ. “ನಿನ್ನ ಸರದಿ ಕಿತ್ಕೊಂಡ ಮೇಲೆ ಒಂದು ದಿನ ನಾನು ಕಮರಿಗೆ ಇಳಿದಿದ್ದೆ. ನೀನು ಕೆಳಗೆಲ್ಲೋ ಇನ್ನೊಂದು ಕಾಲುವೆ ತೋಡಿ ನೀರು ತಿರುಗಿಸ್ಕೊಂಡಿದೀಯ ಅಂತ ಹುಡುಕೋಕೆ.”

“ಸಿಕ್ತಾ?”

“ಇಲ್ಲ.” ಎಲೆಯ ಗಂಟು ಬಿಗಿ ಮಾಡಿದ. “ಎಲ್ಲಾ ಹುಡುಕಿದೆ. ಕೊನೆವರೆಗೂ ಹೋದೆ. ಎಲ್ಲೂ ಇಲ್ಲ.”

ಎಲೆ ಚಾಚಿದ. ಸರದಿ ತಪ್ಪಿಸಿದ್ದಕ್ಕೆ ನಾನು ಜೋಡಿಸಿಟ್ಟುಕೊಂಡಿದ್ದ ಬೈಗುಳಗಳೆಲ್ಲ, ಹೊಸದಾಗಿ ಕಲಿತ ಎರಡೂ ಸೇರಿ, ದಂಡವಾದವು. ಎಲೆ ಹಿಡಿದು ಬಂದವನನ್ನು ಬೈಯುವಂತಿಲ್ಲ. ಕುತಂತ್ರಿ. ನನ್ನಿಂದಲೇ ಕಲಿತದ್ದು.

ಅನಂಕಿರಾ ಬುಟ್ಟಿ ಇಳಿಸಿ, “ಹೆಣ್ಣು ಮಗು” ಎಂದ. “ಇಬ್ಬರೂ ಚೆನ್ನಾಗಿದಾರೆ, ಮಾವಾ.” ಹೆಂಡತಿ ಅವನ ಕೈಗೆ ಬಾಳೆಗೊನೆ ಕೊಟ್ಟಳು, ಬಾಣಂತಿಗೆಂದು.

ಡಿಸೆಂಬರ್ 26, ಶುಕ್ರವಾರ

ತಲೆ ಭಾರ. ಹೆಂಡ ಚೆನ್ನಾಗಿಯೇ ಆಗಿತ್ತು. ಕಲೇಬುವಿನ ರಾಗಿಯದೆಂದು ಅವನೇ ನಾಲ್ಕು ಸಲ ಎಲ್ಲರಿಗೂ ಹೇಳಿದ.

ನಿನ್ನೆ ಅಂಗಳ ತುಂಬ ನಮ್ಮವರು. ದಾರೆಸ್ಸಲಾಮಿನಿಂದ, ಅರುಷಾದಿಂದ, ಕಾರುಗಳು ಬಾಳೆತೋಟದೊಳಗೇ ನುಗ್ಗಿ ನಿಂತಿದ್ದವು. ಮೇಕೆ ಕೊಯ್ದೆವು. ಊಟವಾದ ಮೇಲೆ ಕಲೇಬು ಸೋರೆಬುರುಡೆ ಎತ್ತಿ, “ಅಮಿನಿಯೆಲಿ, ಈ ಪೇಟೆಯವರಿಗೆ ಹೇಳೋ ನಿನ್ನ ತೊರೆ ಕತೆ! ಬೇಸಿಗೆ ಪೂರ್ತಿ ಅಲ್ಲೇ ಕೂತಿದ್ದೆಯಲ್ಲ, ಏನೇನು ನೋಡ್ದೆ?” ಎಂದ.

ಎಲ್ಲರೂ ಬೆಂಚು ಎಳೆದುಕೊಂಡು ಸುತ್ತ ಕೂತರು. ಇಷ್ಟು ಕಿವಿಗಳು ಒಟ್ಟಿಗೆ ನನಗೆ ಸಿಕ್ಕಿದ್ದು ಯಾವಾಗ? ಸೆಪ್ಟೆಂಬರಿನಿಂದ ಕೂಡಿಟ್ಟ ಕತೆ. ಗಂಟಲು ಸರಿಮಾಡಿಕೊಂಡು, ತಟ್ಟೆಯಗಲದ ಏಡಿಗಳಿಂದ ಶುರು ಮಾಡಿದೆ.

ಸಿಫುನಿಯ ಮೈದುನನೊಬ್ಬ, ದೊಡ್ಡ ಕಾರಿನವನು, ಕುರ್ಚಿಯ ತುದಿಗೆ ಬಂದ. “ಹೌದಾ? ಮೀನೂ ಇದಾವಾ? ಎಲ್ಲಿ ಸಾರ್ ಅದು, ಹತ್ರಾನಾ? ಅಲ್ಲೀವರೆಗೂ ಕಾರು ಹೋಗುತ್ತಾ? ನಾಳೆ ಬಲೆ ತಗೊಂಡು ಎಲ್ಲರೂ ಹೋಗೋಣ, ಅಲ್ಲೇ ಒಲೆ ಹಾಕಿ ಸುಟ್ಟು ತಿನ್ನೋಣ!” ಎಲ್ಲರೂ ಹೋ ಎಂದರು.

ನನ್ನ ಬಾಯಿ ತೆರೆದೇ ಇತ್ತು.

“ತಮಾಷೆ ಮಾಡ್ದೆ ಕಣಪ್ಪ” ಎಂದೆ. “ಅಲ್ಲೇನಿದೆ? ಕಮರಿ, ಕಲ್ಲು, ಕಾಡು. ಹುಳ ಕೂಡ ಇಲ್ಲ. ದಾರಿಯೂ ಇಲ್ಲ.”

ಬೆಂಚುಗಳು ಹಿಂದೆ ಸರಿದವು. ಯಾರೋ ಚೆಂಡಾಟದ ಮಾತು ತೆಗೆದರು. ಕಲೇಬು ಹೆಂಡದೊಳಗೆ ಮೂಗು ಹಾಕಿದ್ದ, ಎತ್ತಲೇ ಇಲ್ಲ. ಐಕಾಂಡೆ ಅಂಗಳದ ಆ ತುದಿಯಿಂದ ನನ್ನನ್ನೇ ನೋಡುತ್ತಿದ್ದಳು.

ಹಲ್ಲು ನೋವಿನಿಂದ ಹಾಗೆ ಬಾಯಿ ಮುಚ್ಚಿಕೊಂಡೆನೋ ಏನೋ. ಆದರೆ ಒಂದು ಬೇಸರ ಹೋಗುತ್ತಿಲ್ಲ. ಇಷ್ಟು ವರ್ಷ ನಾನು ಹೇಳಿದ ಯಾವ ಮಾತನ್ನೂ ಈ ಜನ ಒಂದೇ ಸಲಕ್ಕೆ ಒಪ್ಪಿದ್ದಿಲ್ಲ. ನಿನ್ನೆ ಹೇಳಿದ್ದು ನನ್ನ ಜೀವಮಾನದ ಅತಿ ದೊಡ್ಡ ಸುಳ್ಳು. ಅದನ್ನು ಮಾತ್ರ ಎಲ್ಲರೂ ತಕ್ಷಣ ನಂಬಿಬಿಟ್ಟರು.